ಹಿತ್ತಿಲಿನ ಕವಳಿ

ಬಾಗಲಕೋಟೆಯ ಸೀಮೆಯಲ್ಲಿ ಕವಳಿಹಣ್ಣಿನ ಪರಿಚಯವನ್ನು ಮಾಡಿಕೊಡಬೇಕಾದ ಕಾಲವು ಬಂದೀತೆಂದು ನಾವು ಎಣಿಸಿರಲಿಲ್ಲ. ಬಾದಾಮಿಯ ಕೆಂಗಲ್ಲ ಗುಡ್ಡಗಳ ಕುರುಚಲಿನಲ್ಲಿ ದನಗಾಹಿ ಹುಡುಗರು ಬಾಯಿ ಕಪ್ಪಾಗುವಂತೆ ತಿಂದು ಬರುತ್ತಿದ್ದ ಹಣ್ಣಿದು. ಈಗಿನ ಮಕ್ಕಳಾದರೋ ಇದನ್ನು ವೇಷಾಂತರದಲ್ಲಿ ಮಾತ್ರ ಬಲ್ಲರು. ಬೇಕರಿಯ ಕೇಕಿನ ಮೇಲೆ ಕುಳಿತಿರುವ ಕೆಂಪು ‘ಚೆರ್ರಿ’ಯು ಎಷ್ಟೋ ವೇಳೆ ಬೀಜ ತೆಗೆದು, ಬಣ್ಣವೇರಿಸಿ, ಸಕ್ಕರೆಯ ಪಾಕದಲ್ಲಿ ನೆನೆಯಿಸಿದ ನಮ್ಮ ಕವಳಿಯೇ ಆಗಿರುತ್ತದೆ!

ಅಮರಸಿಂಹನು ಇದಕ್ಕೆ ಕೊಟ್ಟಿರುವ ಹೆಸರುಗಳಲ್ಲಿ ಎರಡು ಬಹು ಸಾರ್ಥಕವಾಗಿವೆ. ಕೃಷ್ಣಪಾಕಫಲವೆಂದರೆ ಪಕ್ವವಾದಾಗ ಕಪ್ಪಾಗುವ ಹಣ್ಣು. ಇನ್ನೊಂದು ಕರಮರ್ದಕ, ಕೈಯನ್ನು ಮರ್ದಿಸುವುದೆಂದು ಈ ಪದವನ್ನು ಬಿಡಿಸಿದರೆ, ಕವಳಿಯ ಕವಲುಮುಳ್ಳುಗಳೊಳಗೆ ಕೈ ನೀಡಿದವರಾರೂ ಅಡ್ಡಿ ಹೇಳಲಾರರು.

ನಮ್ಮ ಹಿತ್ತಿಲಿನ ಬೇಲಿಗೆ ಒಂದು ಪೂರ್ವಕಥೆಯುಂಟು. ಆಲಮಟ್ಟಿ ಜಲಾಶಯದ ಹಿನ್ನೀರು ಹಳೆಯ ಊರಿನ ತಗ್ಗಿನ ಓಣಿಗಳನ್ನು ಆವರಿಸುವುದು ನಿಶ್ಚಯವಾಗಿ, ನಾವು ಮನೆಯನ್ನು ನವನಗರಕ್ಕೆ ಸಾಗಿಸಿದೆವು. ನಾವು ಬಾಗಿಲು, ತೊಲೆ, ಪುಸ್ತಕಗಳ ಚಿಂತೆಯಲ್ಲಿದ್ದರೆ ನಮ್ಮ ಮಾತೃಶ್ರೀಯವರು ಹಿತ್ತಿಲಿನ ಕವಳಿಯ ಚಿಂತೆಯಲ್ಲಿದ್ದರು. ಬೀಜವನ್ನು ಡಬ್ಬಿಯಲ್ಲಿ ಕಟ್ಟಿಟ್ಟುಕೊಂಡರಾಯಿತಲ್ಲ ಎಂದು ಹೇಳುವ ಹಾಗಿರಲಿಲ್ಲ. ಹಣ್ಣಿನಿಂದ ತೆಗೆದ ಬೀಜವು ಬಹುಕಾಲ ಜೀವ ಹಿಡಿಯದು, ಬೇಗನೆ ಬಿತ್ತಲೇಬೇಕು. ಆದುದರಿಂದ ಅವರು ಒಂದು ವರ್ಷ ಮುಂಚೆಯೇ ಕಪ್ಪು ಹಣ್ಣುಗಳ ಬೀಜವನ್ನು ತೊಳೆದು ಒಡಕು ಗಡಿಗೆಗಳಲ್ಲಿ ಹಾಕಿ, ಸಸಿಗಳನ್ನೆಬ್ಬಿಸಿ, ಗಡಿಗೆಗಳ ಸಮೇತ ಬಂಡಿಗೇರಿಸಿದರು. ಅವರು ಈಗಿಲ್ಲ, ಆ ಓಣಿಯೂ ಇಲ್ಲ; ಬೇಲಿ ಮಾತ್ರ ಇದೆ.

ವರ್ಷಕ್ಕೆ 600 ಮಿಲಿಮೀಟರು ಮಳೆಯೂ ತುಂಬದ ನಮ್ಮ ಜಿಲ್ಲೆಗೆ ಇದಕ್ಕಿಂತ ತಕ್ಕ ಗಿಡವಿಲ್ಲವೆಂದು ನಮ್ಮ ಮತ. ಮುಂಗಾರಿನ ಆರಂಭದಲ್ಲಿ ಮೂರಡಿಗೊಂದರಂತೆ ನೆಟ್ಟು, ಮೊದಲ ಎರಡು ಬೇಸಗೆ ನೀರುಣಿಸಿದರೆ ಮುಂದೆ ತನ್ನ ಯೋಗಕ್ಷೇಮವನ್ನು ತಾನೇ ನೋಡಿಕೊಳ್ಳುತ್ತದೆ. ಕಲ್ಲುನೆಲಕ್ಕೆ ಅಂಜದು; ಅಂಜುವುದು ನಿಂತ ನೀರಿಗೆ. ಹುನಗುಂದ, ಇಳಕಲ್ಲುಗಳ ಕಡೆ ಎರೆಭೂಮಿಯುಳ್ಳವರು ಮಣ್ಣನ್ನು ದಿಬ್ಬವಾಗಿ ಏರಿಸಿ ನೆಡುವುದು ಒಳ್ಳೆಯದು. ಮೂರನೆಯ ಅಥವಾ ನಾಲ್ಕನೆಯ ವರ್ಷದಲ್ಲಿ ಮಲ್ಲಿಗೆಯನ್ನು ಹೋಲುವ ಬಿಳಿಯ ಹೂ ಬರುತ್ತದೆ.

ಹೂವು ಬಿಡುವುದು ಎಳೆಯ ಕುಡಿಗಳ ತುದಿಯಲ್ಲಿ. ಇದನ್ನರಿಯದೆ ಬೇಲಿಯನ್ನು ಚಳಿಗಾಲದಲ್ಲಿ ಪೆಟ್ಟಿಗೆಯಂತೆ ಚೌಕವಾಗಿ ಕತ್ತರಿಸುವವರಿಗೆ ಅಂದ ದೊರೆತೀತು, ಹಣ್ಣು ದೊರೆಯದು. ಕತ್ತರಿಯ ಕೆಲಸವೇನಿದ್ದರೂ ಫಸಲು ಮುಗಿದ ಮೇಲೆಯೇ. ಫಸಲಿನಲ್ಲಿಯೂ ಗೃಹಿಣಿಯರ ಜಾಣ್ಮೆ ಬೇಕು. ಹಸುರುಕಾಯಿ ಉಪ್ಪಿನಕಾಯಿಗೆ, ಕೆಂಪಿಗೆ ತಿರುಗಿದ್ದು ಚಟ್ನಿಗೆ, ಮುರಬ್ಬಕ್ಕೆ, ಏಕೆಂದರೆ ಪಾಕವನ್ನು ಹೆಪ್ಪುಗಟ್ಟಿಸುವ ಪೆಕ್ಟಿನ್ ಎಂಬ ದ್ರವ್ಯವು ಆಗ ಹೆಚ್ಚಾಗಿರುತ್ತದೆ. ಪೂರ್ಣ ಕಪ್ಪಾದದ್ದು ಮಕ್ಕಳ ಪಾಲು. ಎರಡು ಮೂರು ದಿನಗಳಿಗಿಂತ ಹೆಚ್ಚು ನಿಲ್ಲದು. ಕಿತ್ತೊಡನೆ ತೊಟ್ಟಿನಿಂದ ಒಸರುವ ಹಾಲು ಅಂಟಾಗುವುದರಿಂದ ಕಾಯನ್ನು ನೀರಿಗೆ ಹಾಕಬೇಕು. ಕಲಾಯಿಯಿಲ್ಲದ ತಾಮ್ರ ಹಿತ್ತಾಳೆಯ ಪಾತ್ರೆಗಳಲ್ಲಿ ಈ ಹುಳಿಯನ್ನು ಕೂಡದು.

ಹೋದ ವರ್ಷ ನಮ್ಮ ಚಿರಂಜೀವಿಯು ಬೇಲಿಯನ್ನು ತೆಗೆಸಿ ಕಲ್ಲುಗೋಡೆ ಕಟ್ಟಿಸಬೇಕೆಂದನು. ಅವನ ಮಾತು ಬರಿಯ ಹಟವಲ್ಲ. ಮಗುವು ಆಡುವಾಗ ಬಿದ್ದು, ಮುಳ್ಳು ಕಣ್ಣಿನ ಪಕ್ಕಕ್ಕೆ ತಾಗಿತ್ತು. ನಮಗೆ ಉತ್ತರ ಹೊಳೆಯಲಿಲ್ಲ. ಹಳೆಯ ಊರಿನದೆಂಬ ಮಮತೆಯನ್ನು ಮಗುವಿನ ಕಣ್ಣಿನೊಡನೆ ತೂಗುವುದು ಹೇಗೆ? ಎಂಟು ದಿನ ಆ ಮಾತನ್ನು ಯಾರೂ ಎತ್ತಲಿಲ್ಲ. ಒಂಬತ್ತನೆಯ ದಿನ ಸೊಸೆಯೇ ಹಗ್ಗ ಹಿಡಿದು ಅಳೆದಳು. ಮಕ್ಕಳಾಡುವ ಕಡೆಯ ಒಂಬತ್ತು ಗಿಡಗಳು ಹೋದವು, ಗೋಡೆ ಬಂದಿತು. ಬಾವಿಯ ಹಿಂದಿನ ಏಳು ಉಳಿದವು.

ಈ ಆಷಾಢದಲ್ಲಿ ಅವುಗಳ ಬೀಜವನ್ನು ಹಾಕಿದ್ದೇವೆ, ಇಪ್ಪತ್ತೆರಡು ಸಸಿಗಳೆದ್ದಿವೆ. ಸೊಸೆಯು ಅವುಗಳಲ್ಲಿ ನಾಲ್ಕನ್ನು ಇಳಕಲ್ಲಿನ ತನ್ನ ತವರಿಗೆಂದು ಬೇರೆಯಾಗಿ ಇಟ್ಟಿದ್ದಾಳೆ. ಮಿಕ್ಕವು ಕೇಳಿದವರಿಗೆ.