ಎರಡು ಎಂಬಿಯ ಬೀಸೋ ಪದ

ಶಿರಸಿ ಕಡೆಯ ಯಾವುದಾದರೂ ಹಳ್ಳಿಯಲ್ಲಿ ಬಸ್ಸಿಳಿದು ‘ಗಣಪತಿ ಹೆಗಡೆಯವರ ಮನೆ ಎಲ್ಲಿ?’ ಅಂತ ಕೇಳಿ ನೋಡಿ. ‘ಯಾವ ಗಣಪತಿ ಹೆಗಡೆ?’ ಅಂತ ಮರುಪ್ರಶ್ನೆ ಬರುತ್ತೆ. ಮೇಲಿನಮನೆಯವರಾ, ಕೆಳಗಿನಮನೆಯವರಾ, ಸೊಸೈಟೀಲಿ ಕೆಲಸ ಮಾಡೋರಾ? ಹೆಸರೊಂದನ್ನೇ ನಂಬಿಕೊಂಡು ಹೋದರೆ ಯಾರದೋ ಮನೆ ಜಗುಲಿಯಲ್ಲಿ ಕೂತು, ಕವಳ ಹಾಕಿ, ಬಂದ ಕೆಲಸ ಆಗದೆ ವಾಪಸ್ ಬರಬೇಕಾಗುತ್ತೆ. ವೆಬ್‌ಸೈಟು ನಡೆಸುವವರಿಗೂ ಇಂಥದ್ದೇ ಒಬ್ಬ ಗಣಪತಿ ಹೆಗಡೆ ಇದ್ದಾನೆ. ಅವನ ಹೆಸರು ಪಿಎಚ್‌ಪಿ ಡಾಟ್ ಐಎನ್‌ಐ.

ಪಿಎಚ್‌ಪಿ ಗೊತ್ತಿಲ್ಲದವರಿಗೆ ಎರಡು ಮಾತು. 1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಅನ್ನೋ ಪ್ರೋಗ್ರಾಮರ್, ತನ್ನ ಸ್ವಂತ ವೆಬ್‌ಪುಟಕ್ಕೆ ಅಂತ ಬರೆದುಕೊಂಡಿದ್ದ ಸಣ್ಣಪುಟ್ಟ ಸಲಕರಣೆಗಳನ್ನು ‘ಪರ್ಸನಲ್ ಹೋಮ್ ಪೇಜ್ ಟೂಲ್ಸ್’ ಎಂಬ ಹೆಸರಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ. ಅದೇ ಬೆಳೆದು ದೊಡ್ಡ ಭಾಷೆಯಾಯಿತು. ನಾವು ನೀವು ಓದುವ ಕನ್ನಡ ವಿಕಿಪೀಡಿಯ ಕೂತಿರೋದು ಮೀಡಿಯಾವಿಕಿ ಮೇಲೆ, ಅದನ್ನು ಬರೆದಿರೋದು ಪಿಎಚ್‌ಪಿಯಲ್ಲಿ. ವರ್ಡ್‌ಪ್ರೆಸ್ಸೂ ಅಷ್ಟೇ. ಈ ಪಿಎಚ್‌ಪಿ ಕೆಲಸಕ್ಕೆ ಇಳಿಯುವ ಮೊದಲು ಓದಿಕೊಳ್ಳುವ ಚೀಟಿಯೇ ಪಿಎಚ್‌ಪಿ ಡಾಟ್ ಐಎನ್‌ಐ. ಎಷ್ಟು ದೊಡ್ಡ ಫೈಲನ್ನು ಒಳಗೆ ಬಿಟ್ಟುಕೊಳ್ಳಬೇಕು, ಒಂದು ಪುಟಕ್ಕಾಗಿ ಎಷ್ಟು ಸೆಕೆಂಡು ದುಡಿಯಬಹುದು, ತಪ್ಪಾದರೆ ಓದುಗರ ಎದುರಿಗೇ ಹೇಳಬೇಕೋ ಸುಮ್ಮನೆ ಲಾಗ್‌ನಲ್ಲಿ ಬರೆದಿಡಬೇಕೋ, ಎಲ್ಲಾ ಅದರಲ್ಲಿದೆ. ಸಾದಾ ಟೆಕ್ಸ್ಟ್ ಫೈಲು. ಎಡಗಡೆ ಹೆಸರು, ನಡುವೆ ಸಮ ಚಿಹ್ನೆ, ಬಲಗಡೆ ಬೆಲೆ. ಸಾಲಿನ ಮೊದಲಿಗೆ ಸೆಮಿಕೋಲನ್ ಇದ್ದರೆ ಆ ಸಾಲು ಮನುಷ್ಯರಿಗೆ ಮಾತ್ರ, ಪಿಎಚ್‌ಪಿ ಅದನ್ನು ಓದೋದಿಲ್ಲ. ಇಷ್ಟೇ ವ್ಯಾಕರಣ. ಕಷ್ಟ ಇರೋದು ಬರೆಯೋದರಲ್ಲಲ್ಲ, ಹುಡುಕೋದರಲ್ಲಿ.

ಇದನ್ನೆಲ್ಲ ಈಗ ಹೇಳಲಿಕ್ಕೆ ಕಾರಣ ನನ್ನ ಪರಿಚಯದ ಒಬ್ಬರು ನಿವೃತ್ತ ಮೇಷ್ಟ್ರು. ಮಲೆನಾಡಿನ ಹೆಂಗಸರ ಹಾಡುಗಳನ್ನು ಎಂಬತ್ತರ ದಶಕದಿಂದ ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಬಂದವರು. ಮದುವೆ ಹಾಡು, ತೊಟ್ಟಿಲ ಹಾಡು, ಬೀಸೋ ಪದ. ನಮ್ಮ ಕಡೆ ಮಳೆಗಾಲದಲ್ಲಿ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯದೆ ಇರೋದುಂಟೇ? ಅರ್ಧಕ್ಕರ್ಧ ಹಾಳಾದ ಮೇಲೆ ಉಳಿದದ್ದನ್ನು ಕಂಪ್ಯೂಟರಿಗೆ ಹಾಕಿಸಿ ಎಂಪಿ3 ಮಾಡಿಸಿದ್ದರು. ಅವರ ಅಣ್ಣನ ಮಗ ಬೆಂಗಳೂರಲ್ಲಿ ಕೆಲಸಕ್ಕಿರುವ ಹುಡುಗ. ತಿಂಗಳ ಬಾಡಿಗೆಗೆ ಒಂದು ಸಣ್ಣ ಸರ್ವರ್ ಹಿಡಿದು, ಉಬುಂಟು ಹಾಕಿ, ಅದರ ಮೇಲೆ ವರ್ಡ್‌ಪ್ರೆಸ್ ಕೂರಿಸಿಕೊಟ್ಟಿದ್ದ. ಮೇಷ್ಟ್ರು ಮನೆಯಲ್ಲೇ ಕೂತು ದಿನಕ್ಕೊಂದು ಹಾಡು ಏರಿಸೋದು ಅಂತ ಏರ್ಪಾಡು.

ಒಂದು ದಿನ ಆ ಸೈಟು ತೆರೆದು ನೋಡಿದರೆ ಒಂದು ಬೀಸೋ ಪದ ಆರು ತುಂಡಾಗಿ ಕೂತಿದೆ. ಭಾಗ ಒಂದು, ಭಾಗ ಎರಡು, ಹೀಗೆ. ಬೀಸೋ ಪದಕ್ಕೆ ಎಲ್ಲಿಯ ಭಾಗ? ಒಬ್ಬಾಕೆ ಸಾಲು ಎತ್ತಿಕೊಡ್ತಾಳೆ, ಕಲ್ಲಿನ ಆಚೆ ಕೂತವಳು ಅವಳ ಉಸಿರು ಮುಗಿಯೋದರೊಳಗೆ ಹಿಡ್ಕೊಳ್ತಾಳೆ. ಹನ್ನೊಂದು ನಿಮಿಷ ಕಲ್ಲು ನಿಂತೇ ಇಲ್ಲ. ಇಲ್ಲಿ ನೋಡಿದರೆ ಎರಡೆರಡು ನಿಮಿಷಕ್ಕೆ ಕತ್ತರಿ. ಒಂದು ಕಡೆಯಂತೂ ತವರಿನ ಹೆಸರು ಬಾಯಿಗೆ ಬರುವ ಹೊತ್ತಿಗೆ ಸರಿಯಾಗಿ ತುಂಡಾಗಿದೆ.

ಫೋನ್ ಮಾಡಿದೆ. ‘ಇದ್ಯಾಕೆ ಮೇಷ್ಟ್ರೇ ಹೀಗೆ?’

‘ಸರ್ವರ್ ಎರಡು ಎಂಬಿಗಿಂತ ಜಾಸ್ತಿ ತಗೊಳ್ಳೋದಿಲ್ಲ ಮಾರಾಯ್ರೆ. ಅದಕ್ಕೇ ಕತ್ತರಿಸ್ತಾ ಇದ್ದೇನೆ. ನಲವತ್ತು ಹಾಡು ಆಯ್ತು. ಕತ್ತರಿಸಿ ಆದಮೇಲೆ ದೊಡ್ಡ ಫೈಲು ಸುಮ್ನೆ ಜಾಗಕ್ಕೆ ದಂಡ, ಈ ವಾರ ಎಲ್ಲಾ ಅಳಿಸಿಬಿಡೋದು ಅಂತಿದ್ದೆ.’

ಅಳಿಸಬೇಡಿ ಅಂತ ಮೊದಲು ಹೇಳಿ ಆಮೇಲೆ ಉಳಿದ ಮಾತಾಡಿದೆ. ಆ ಪದ ಹಾಡಿದ ಇಬ್ಬರಲ್ಲಿ ಒಬ್ಬರು ತೀರಿಕೊಂಡು ವರ್ಷಗಳಾಗಿವೆ, ಕ್ಯಾಸೆಟ್ಟು ಆಗಲೇ ತುಂಡಾಗಿ ಹೋಗಿದೆ. ಪೂರ್ತಿ ಹಾಡು ಅಂತ ಉಳಿದಿರೋದು ಆ ಒಂದು ಹನ್ನೊಂದು ಎಂಬಿಯ ಫೈಲಲ್ಲಿ ಮಾತ್ರ.

ಈ ಎರಡು ಎಂಬಿ ಎಲ್ಲಿಂದ ಬಂತು? ಬಾಡಿಗೆ ಕಂಪನಿ ಹಾಕಿದ್ದಲ್ಲ, ವರ್ಡ್‌ಪ್ರೆಸ್ ಹಾಕಿದ್ದಲ್ಲ. ಪಿಎಚ್‌ಪಿಯಲ್ಲಿ ‘ಅಪ್‌ಲೋಡ್ ಮ್ಯಾಕ್ಸ್ ಫೈಲ್‌ಸೈಜ್’ ಅಂತ ಒಂದು ಸೆಟ್ಟಿಂಗಿದೆ. ಯಾರೂ ಏನೂ ಹೇಳದಿದ್ದರೆ ಅದರ ಬೆಲೆ 2 ಎಂಬಿ. ಸಾಮಾನ್ಯ ಗುಣಮಟ್ಟದ ಎಂಪಿ3 ನಿಮಿಷಕ್ಕೆ ಸುಮಾರು ಒಂದು ಎಂಬಿ ತಿನ್ನುತ್ತೆ. ಅಲ್ಲಿಗೆ ಎರಡು ನಿಮಿಷಕ್ಕೊಂದು ಕತ್ತರಿ ಯಾಕೆ ಅಂತ ಗೊತ್ತಾಯ್ತಲ್ಲ. ಯಾರೋ ಗುರುತಿಲ್ಲದವರು ಡಿಸ್ಕ್ ತುಂಬಿಸಿ ಹೋಗದಿರಲಿ ಅಂತ ಜಾಗ್ರತೆಗೆ ಇಟ್ಟ ಅಂಕಿ ಅದು. ಇಟ್ಟವರಿಗೆ ಬೀಸೋ ಪದದ ಮೇಲೇನೂ ಸಿಟ್ಟಿರಲಿಲ್ಲ, ಅದು ಎಷ್ಟುದ್ದ ಅಂತಲೂ ಗೊತ್ತಿರಲಿಲ್ಲ.

‘ಮಗನ ಹತ್ರ ಬದಲಾಯಿಸೋಕೆ ಹೇಳಲಿಲ್ವಾ?’ ಅಂದೆ. ಹೇಳಿದ್ದರಂತೆ. ಅವನು ಮಾಡಿಯೂ ಇದ್ದನಂತೆ. ಏನೂ ಆಗಲಿಲ್ಲ, ‘ಸರ್ವರೇ ಬಿಡ್ತಾ ಇಲ್ಲ ಚಿಕ್ಕಪ್ಪ’ ಅಂತ ಕೈಬಿಟ್ಟಿದ್ದ.

ಹುಡುಗನನ್ನೇ ಫೋನಿಗೆ ಹಿಡಿದೆ. ಅವನು ಕೆಲಸ ಕದ್ದವನಲ್ಲ. ಸರ್ವರಿಗೆ ಲಾಗಿನ್ ಆಗಿ, ಕಪ್ಪು ಪರದೆಯಲ್ಲಿ ‘ಪಿಎಚ್‌ಪಿ’ ಅಂತ ಬರೆದು, ಮುಂದೆ ಎರಡು ಅಡ್ಡಗೆರೆ ಹಾಕಿ ‘ಐಎನ್‌ಐ’ ಅಂತ ಕೇಳಿದ್ದಾನೆ. ನೀನು ಓದೋ ಫೈಲು ಯಾವುದು ಅಂತ ಕೇಳುವ ಸರಿಯಾದ ಕ್ರಮವೇ ಅದು. ಪಿಎಚ್‌ಪಿ ಒಂದು ವಿಳಾಸ ಕೊಟ್ಟಿದೆ. ಅದನ್ನು ತೆರೆದು ಅಂಕಿ ಬದಲಾಯಿಸಿದ್ದಾನೆ, ಅಪಾಚೆ ಸರ್ವರನ್ನು ಮರುಚಾಲೂ ಮಾಡಿದ್ದಾನೆ, ಅದೇ ಕಪ್ಪು ಪರದೆಯಲ್ಲಿ ಮತ್ತೆ ಕೇಳಿದ್ದಾನೆ. ಹೊಸ ಅಂಕಿಯೇ ಬಂದಿದೆ. ಸೈಟಿನಲ್ಲಿ ಮಾತ್ರ ಅದೇ ಎರಡು ಎಂಬಿ. ಯಾರಿಗಾದರೂ ತಲೆ ಕೆಡೋದೇ.

ಇಲ್ಲೇ ನೋಡಿ ಗಣಪತಿ ಹೆಗಡೆ ಬರೋದು. ಉಬುಂಟುವಿನಲ್ಲಿ ಪಿಎಚ್‌ಪಿ ಡಾಟ್ ಐಎನ್‌ಐ ಒಂದಲ್ಲ. ಇಟಿಸಿ ಅನ್ನೋ ಫೋಲ್ಡರಿನೊಳಗೆ ಪಿಎಚ್‌ಪಿ, ಅದರೊಳಗೆ ಆವೃತ್ತಿಯ ನಂಬರು, ಅದರೊಳಗೆ ಮತ್ತೆ ಬೇರೆ ಬೇರೆ ಕೋಣೆ. ‘ಸಿಎಲ್‌ಐ’ ಅಂತ ಒಂದು, ‘ಅಪಾಚೆ2’ ಅಂತ ಒಂದು, ಎಫ್‌ಪಿಎಂ ಹಾಕಿಕೊಂಡಿದ್ದರೆ ಅದಕ್ಕೊಂದು. ಪ್ರತಿ ಕೋಣೆಯಲ್ಲೂ ಅದೇ ಹೆಸರಿನ ಫೈಲು. ಕಪ್ಪು ಪರದೆಯಲ್ಲಿ ನಾವು ಮಾತಾಡಿಸುವ ಪಿಎಚ್‌ಪಿ ಸಿಎಲ್‌ಐ ಕೋಣೆಯವನು. ಅವನು ತನ್ನ ವಿಳಾಸವನ್ನೇ ಹೇಳಿದ, ಸುಳ್ಳೇನಲ್ಲ. ಆದರೆ ಸೈಟಿಗೆ ಬಂದವರನ್ನು ಮಾತಾಡಿಸುವ ಪಿಎಚ್‌ಪಿ ಅಪಾಚೆ ಕೋಣೆಯವನು. ಅವನಿಗೆ ಈ ಚೀಟಿ ತಲುಪಿಯೇ ಇಲ್ಲ.

ಹಾಗಾದರೆ ಅವನನ್ನು ಕೇಳೋದು ಹೇಗೆ? ಅವನ ಬಾಗಿಲಿಂದಲೇ ಹೋಗಬೇಕು. ಸೈಟಿನ ಫೋಲ್ಡರಿನಲ್ಲಿ ಒಂದು ಪುಟ್ಟ ಪಿಎಚ್‌ಪಿ ಫೈಲು ಮಾಡಿ, ಅದರೊಳಗೆ ‘ಪಿಎಚ್‌ಪಿ ಇನ್ಫೋ’ ಎಂಬ ಒಂದೇ ಆದೇಶ ಬರೆದು, ಬ್ರೌಸರಿನಲ್ಲಿ ತೆರೆಯಬೇಕು. ಉದ್ದಾನುದ್ದ ಪಟ್ಟಿ ಬರುತ್ತೆ. ಮೇಲ್ಗಡೆಯೇ ‘ಲೋಡೆಡ್ ಕಾನ್ಫಿಗರೇಶನ್ ಫೈಲ್’ ಅಂತ ಒಂದು ಸಾಲಿರುತ್ತೆ, ಎದುರಿಗೆ ಪೂರ್ತಿ ವಿಳಾಸ. ಅದೇ ನಿಮಗೆ ಬೇಕಾದ ಮನೆ. ನೋಡಿಯಾದ ಮೇಲೆ ಆ ಪುಟ್ಟ ಫೈಲನ್ನು ಅಳಿಸಲೇಬೇಕು. ಸರ್ವರಿನ ಒಳಗುಟ್ಟೆಲ್ಲ ಅದರಲ್ಲಿರುತ್ತೆ, ದಾರಿಹೋಕರೂ ಓದಬಹುದು.

ಹುಡುಗ ಕೂಡಲೇ ಸರಿಯಾದ ಫೈಲು ಹಿಡಿದ. ಮೊದಲು ಬರೆದಿದ್ದ ಸಾಲುಗಳನ್ನೇ ಅಲ್ಲಿಗೂ ಹಾಕಿದ. ಅಪಾಚೆ ತನ್ನ ಪಿಎಚ್‌ಪಿಯ ಚೀಟಿಯನ್ನು ಏಳುವಾಗ ಒಂದು ಸಲ ಓದುತ್ತೆ ಅಷ್ಟೇ, ಹಾಗಾಗಿ ಮರುಚಾಲೂ ಮಾಡಲೇಬೇಕು. ಅದನ್ನೂ ಮಾಡಿದ. ಹತ್ತು ನಿಮಿಷ ಬಿಟ್ಟು ಮೇಷ್ಟ್ರ ಫೋನು. ‘ಈಗ ಹಾಡು ಬಿಡಿ, ನನ್ನನ್ನೇ ಒಳಗೆ ಬಿಡ್ತಾ ಇಲ್ಲ. ಪಾಸ್‌ವರ್ಡ್ ಕೊಟ್ಟರೆ ಮತ್ತೆ ಪಾಸ್‌ವರ್ಡ್ ಕೇಳ್ತದೆ!’

ಅಪಾಚೆಯ ಎರರ್ ಲಾಗ್ ತೆರೆದು ಕೊನೆಯ ಸಾಲು ಓದು ಅಂದೆ. ಹುಡುಗ ಓದಿದ. ಕಳಿಸಿದ ಮಾಹಿತಿ ಇಪ್ಪತ್ತು ಬೈಟಿನ ಮಿತಿ ಮೀರಿದೆ ಅಂತ ಇದೆ. ಇಪ್ಪತ್ತು ಎಂಬಿ ಅಲ್ಲ, ಇಪ್ಪತ್ತು ಬೈಟು.

ಆಗಿದ್ದಿಷ್ಟು. ಅವನು ‘20ಎಂಬಿ’ ಅಂತ ಬರೆದಿದ್ದ. ನಾವೆಲ್ಲ ಹಾಗೆಯೇ ತಾನೇ ಬರೆಯೋದು? ಪಿಎಚ್‌ಪಿಗೆ ಅಳತೆಯ ಅಕ್ಷರ ಒಂದೇ ಇರಬೇಕು. ಕೆ, ಎಂ, ಅಥವಾ ಜಿ. ಅದು ಕೊನೆಯ ಅಕ್ಷರ ಮಾತ್ರ ನೋಡುತ್ತೆ. ಕೊನೆಯಲ್ಲಿ ‘ಬಿ’ ಕಂಡರೆ ಅದಕ್ಕೆ ಅರ್ಥವಾಗೋದಿಲ್ಲ, ಬರೀ 20 ಅಂತ ತಗೊಳ್ಳುತ್ತೆ. ಇತ್ತೀಚಿನ ಆವೃತ್ತಿಗಳಲ್ಲಿ, ಅಂದರೆ 8.2ರಿಂದ, ಎಚ್ಚರಿಕೆಯನ್ನಾದರೂ ಕೊಡುತ್ತೆ. ಇವನ ಸರ್ವರಿನಲ್ಲಿದ್ದ ಹಳೆಯದು ಅದನ್ನೂ ಕೊಡಲಿಲ್ಲ. ಕನ್ನಡದ ಒಂದೊಂದು ಅಕ್ಷರಕ್ಕೂ ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಮೂರು ಬೈಟು ಬೇಕು. ಇಪ್ಪತ್ತು ಬೈಟಲ್ಲಿ ಬೀಸೋ ಪದ ಹಾಗಿರಲಿ, ಏಳನೇ ಅಕ್ಷರವೂ ಹಿಡಿಸೋದಿಲ್ಲ. ಸಿಎಲ್‌ಐ ಕೋಣೆಯಲ್ಲಿ ಅದೇ ಬರಹ ಯಾಕೆ ತೊಂದರೆ ಕೊಡಲಿಲ್ಲ? ಅಲ್ಲಿಗೆ ಯಾರೂ ಹಾಡು ಹೊತ್ತು ಬರೋದಿಲ್ಲವಲ್ಲ. ಕೇಳಿದಾಗ, ಬರೆದದ್ದನ್ನು ಇದ್ದ ಹಾಗೇ ತೋರಿಸಿತ್ತು ಅಷ್ಟೇ.

ಎರಡೂ ಕಡೆ ‘ಬಿ’ ತೆಗೆಸಿದೆ. ಎರಡು ಕಡೆ ಯಾಕೆ ಅಂದರೆ ಬಾಗಿಲೂ ಎರಡಿದೆ. ‘ಅಪ್‌ಲೋಡ್ ಮ್ಯಾಕ್ಸ್ ಫೈಲ್‌ಸೈಜ್’ ಒಂದು ಫೈಲಿನ ಮಿತಿ. ‘ಪೋಸ್ಟ್ ಮ್ಯಾಕ್ಸ್ ಸೈಜ್’ ಅನ್ನೋದು ಆ ಫೈಲು, ಅದರ ಜೊತೆಗೆ ಬರುವ ಶೀರ್ಷಿಕೆ, ವಿವರಣೆ ಎಲ್ಲ ಸೇರಿದ ಇಡೀ ಮೂಟೆಯ ಮಿತಿ. ಇದು ಸುಮ್ಮನಿದ್ದರೆ 8 ಎಂಬಿ. ಮೊದಲನೆಯದನ್ನಷ್ಟೇ ಏರಿಸಿದರೆ ಹನ್ನೊಂದು ಎಂಬಿಯ ಹಾಡು ಎರಡನೇ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತೆ. ಆಗ ಪಿಎಚ್‌ಪಿ ಇಡೀ ಮೂಟೆಯನ್ನೇ ಎಸೆದು, ಏನೂ ಬಂದೇ ಇಲ್ಲ ಅನ್ನುವ ಹಾಗೆ ಖಾಲಿ ಕೈ ತೋರಿಸುತ್ತೆ. ಲಾಗ್ ನೋಡದಿದ್ದರೆ ಗೊತ್ತೇ ಆಗೋದಿಲ್ಲ. ಹಾಗಾಗಿ ಒಳಗಿನದಕ್ಕೆ 20ಎಂ, ಹೊರಗಿನದಕ್ಕೆ 25ಎಂ.

‘ಇನ್ನೂರು ಹಾಕಿಬಿಡ್ಲಾ? ಮುಂದೆ ತಲೆಬಿಸಿ ಇರಲ್ಲ’ ಅಂದ ಹುಡುಗ. ಬೇಡ ಅಂದೆ. ಮೇಷ್ಟ್ರ ಅತಿ ಉದ್ದದ ಹಾಡು ಹದಿನಾಲ್ಕು ನಿಮಿಷ. ಬಾಗಿಲು ನಮ್ಮ ಹಾಡಿನ ಅಳತೆಗೆ ಇದ್ದರೆ ಸಾಕು, ಅದೂ ಡಿಸ್ಕ್ ಸಣ್ಣದಿರುವಾಗ. ಮಿತಿ ಇರೋದು ತಪ್ಪಲ್ಲ. ಯಾರೋ ಎಲ್ಲೋ ಇಟ್ಟ ಮಿತಿಯನ್ನು ಪ್ರಕೃತಿ ನಿಯಮ ಅಂತ ತಿಳಿದು ನಮ್ಮ ಹಾಡನ್ನು ಕತ್ತರಿಸಿಕೊಳ್ತೀವಲ್ಲ, ಅದು ನನಗೆ ಸಂಕಟ. ಮೇಷ್ಟ್ರು ನಲವತ್ತು ಹಾಡು ಕತ್ತರಿಸಿದರು. ಇದನ್ನು ಬದಲಾಯಿಸಲಿಕ್ಕೆ ಬರುತ್ತಾ ಅಂತ ಕೇಳಿದ್ದು ಒಂದೇ ಸಲ. ‘ಸರ್ವರ್ ಬಿಡಲ್ಲ’ ಅಂದಮೇಲೆ ಮತ್ತೆ ಕೇಳಲಿಲ್ಲ. ಆಫೀಸಿನಲ್ಲಿ ‘ಸಿಸ್ಟಮ್ ತಗೊಳ್ತಾ ಇಲ್ಲ’ ಅಂದರೆ ನಾವೂ ಅರ್ಜಿ ವಾಪಸ್ ಇಸ್ಕೊಂಡು ಬರ್ತೀವಲ್ಲ, ಹಾಗೆ. ಸಿಸ್ಟಮ್ಮಿನೊಳಗೆ ಯಾರೋ ಬರೆದ ಒಂದು ಸಾಲಿರುತ್ತೆ. ಅದು ಯಾವ ಫೈಲಿನಲ್ಲಿದೆ ಅಂತ ಕೇಳುವವರು ಕಡಿಮೆ.

ನಿಮ್ಮಲ್ಲೂ ಕೆಲವರು ಸೈಟು ನಡೆಸುತ್ತಿರಬಹುದು, ಹಾಗಾಗಿ ಇನ್ನೆರಡು ಮಾತು. ಹತ್ತಾರು ಜನ ಹಂಚಿಕೊಂಡ ಸರ್ವರಿನಲ್ಲಿ ನೀವಿದ್ದರೆ ಮುಖ್ಯ ಫೈಲು ಮುಟ್ಟಲಿಕ್ಕೆ ಬಿಡೋದಿಲ್ಲ. ಅಲ್ಲಿ ಪಿಎಚ್‌ಪಿ ಸಿಜಿಐ ಅಥವಾ ಎಫ್‌ಪಿಎಂ ಕ್ರಮದಲ್ಲಿ ನಡೆಯುತ್ತಿದ್ದರೆ, ನಿಮ್ಮ ಫೋಲ್ಡರಿನಲ್ಲೇ ಹೆಸರಿನ ಮುಂದೆ ಚುಕ್ಕಿ ಇಟ್ಟು ‘ಯೂಸರ್ ಡಾಟ್ ಐಎನ್‌ಐ’ ಅಂತ ಫೈಲು ಮಾಡಿ ಅದರಲ್ಲಿ ಬರೆಯಬಹುದು. ತಕ್ಷಣ ಫಲ ಕಾಣದಿದ್ದರೆ ಗಾಬರಿ ಬೇಡ, ಸಾಮಾನ್ಯವಾಗಿ ಐದು ನಿಮಿಷಕ್ಕೊಮ್ಮೆ ಮಾತ್ರ ಅದನ್ನು ಮತ್ತೆ ಓದುತ್ತೆ. ಒಂದು ಚಾ ಕುಡಿದು ಬನ್ನಿ. ವಿಂಡೋಸಿನಲ್ಲಿ ಪಿಎಚ್‌ಪಿ ಇಳಿಸಿಕೊಂಡವರಿಗೆ ಎರಡು ಮಾದರಿ ಫೈಲು ಸಿಗುತ್ತೆ, ಹೆಸರಿನ ತುದಿಯಲ್ಲಿ ಒಂದಕ್ಕೆ ‘ಡೆವಲಪ್‌ಮೆಂಟ್’, ಇನ್ನೊಂದಕ್ಕೆ ‘ಪ್ರೊಡಕ್ಷನ್’. ಹೆಸರು ಬದಲಾಯಿಸುವ ತನಕ ಪಿಎಚ್‌ಪಿ ಎರಡನ್ನೂ ಮೂಸಿಯೂ ನೋಡೋದಿಲ್ಲ. ನೋಟ್‌ಪ್ಯಾಡ್ ಕೊನೆಯಲ್ಲಿ ಕಾಣದ ಹಾಗೆ ‘ಡಾಟ್ ಟಿಎಕ್ಸ್‌ಟಿ’ ಅಂಟಿಸಿದೆಯಾ ಅಂತಲೂ ನೋಡಿಕೊಳ್ಳಿ.

ಮೇಷ್ಟ್ರು ಈಗ ಕತ್ತರಿಸಿದ್ದನ್ನೆಲ್ಲ ತೆಗೆದು ಇಡೀ ಹಾಡುಗಳನ್ನು ಏರಿಸುತ್ತಿದ್ದಾರೆ. ಬೀಸೋ ಪದ ಹನ್ನೊಂದು ನಿಮಿಷವೂ ಒಂದೇ ಓಟದಲ್ಲಿ ಕೇಳುತ್ತೆ, ನಡುನಡುವೆ ಕಲ್ಲಿನ ಗರಗರವೂ ಸೇರಿ. ಆದರೆ ಒಂದು ಎಚ್ಚರಿಕೆ ಕೊಟ್ಟಿದ್ದೇನೆ. ಮುಂದೊಂದು ದಿನ ಹುಡುಗ ಹೊಸ ಆವೃತ್ತಿ ಹಾಕ್ತಾನೆ. ಆಗ ಇಟಿಸಿ ಫೋಲ್ಡರಿನಲ್ಲಿ ಹೊಸ ನಂಬರಿನ ಮನೆ ಏಳುತ್ತೆ, ಅಲ್ಲಿ ಹೊಚ್ಚ ಹೊಸ ಪಿಎಚ್‌ಪಿ ಡಾಟ್ ಐಎನ್‌ಐ, ಅದರಲ್ಲಿ ಮತ್ತೆ ಅದೇ ಎರಡು ಎಂಬಿ. ಅದಕ್ಕೇ ಬದಲಾಯಿಸಿದ ಸಾಲಿನ ಮೇಲೆ ಸೆಮಿಕೋಲನ್ ಹಾಕಿ ತಾರೀಕು, ಕಾರಣ ಎರಡನ್ನೂ ಕನ್ನಡದಲ್ಲೇ ಬರೆಸಿದ್ದೇನೆ. ಮೇಷ್ಟ್ರಿಗೆ ಅಷ್ಟಕ್ಕೇ ಸಮಾಧಾನವಿಲ್ಲ. ಯಾವ ಕ್ಯಾಸೆಟ್ಟಿನಲ್ಲಿ ಯಾರ ಹಾಡು ಅಂತ ಬರೆದಿಟ್ಟ ಹಳೆಯ ರಿಜಿಸ್ಟರಿದೆ ಅವರ ಹತ್ತಿರ. ಅದರ ಕೊನೆಯ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದಾರಂತೆ: ‘ಸರ್ವರ್ ಬದಲಾದರೆ ಅಪಾಚೆ ಕೋಣೆ. 20ಎಂ. ಬಿ ಹಾಕಬಾರದು.’