ಪುಣೆ ಸಿಗದಿದ್ದರೆ ಬೆಂಗಳೂರು ಮೇಲೆ

ನಮ್ಮ ಅಕ್ಕ ಹುಬ್ಬಳ್ಳಿಯ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. 1970ರ ದಶಕದ ಮಾತು. ದೂರದೂರಿಗೆ ಮಾತಾಡಬೇಕೆಂದರೆ ಮೊದಲು ಕಾಲ್ ಬುಕ್ ಮಾಡಿ, ಫೋನಿದ್ದವರ ಪಡಸಾಲೆಯಲ್ಲಿ ಜಮಖಾನದ ಮೇಲೆ ಕಾಯುತ್ತ ಕೂಡಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ದರ್ಜೆ. ಅರ್ಜೆಂಟಿಗೆ ಎರಡು ಪಟ್ಟು ದುಡ್ಡು, ಲೈಟ್ನಿಂಗಿಗೆ ಎಂಟು ಪಟ್ಟು. ಲೈಟ್ನಿಂಗ್ ಬಂತೆಂದರೆ ಯಾರದೋ ಮನೆಯಲ್ಲಿ ಸಾವು, ಇಲ್ಲವೇ ಹತ್ತಿ ಪೇಟೆಯಲ್ಲಿ ದರದ ಏರಿಳಿತ.

ರಾತ್ರಿ ಪಾಳಿ ಇದ್ದಾಗ ಅಕ್ಕನಿಗೆ ನಾನು ಬುತ್ತಿ ಒಯ್ಯುತ್ತಿದ್ದೆ. ಬಾಗಿಲಲ್ಲೇ ಕಾದ ತಂತಿಯ ವಾಸನೆಯೂ ನಾಲ್ಕಾಣೆಗೊಂದು ಮೊಳದ ಮಲ್ಲಿಗೆಯ ವಾಸನೆಯೂ ಕೂಡಿ ಬರುತ್ತಿದ್ದವು. ಸಾಲಾಗಿ ಕೂತ ಹೆಂಗಸರು ಕಿವಿಗೆ ಹೆಡ್‌ಸೆಟ್ ಹಾಕಿ, ಬೋರ್ಡಿನ ತೂತುಗಳಿಗೆ ತಂತಿಯ ಕಾರ್ಡು ಸಿಕ್ಕಿಸಿ ಕೀಳುತ್ತಿದ್ದರು. ಮುಂಬೈ ಕರೆಯಾದರೆ ಬೆಳಗಾವಿ, ಪುಣೆ, ಅಲ್ಲಿಂದ ಮುಂದೆ. ಆ ದಾರಿ ಎಂಗೇಜ್ ಆದರೆ ಅಕ್ಕ, "ಪುಣೆ ಸಿಗವಲ್ತರಿ, ಬೆಂಗಳೂರು ಮ್ಯಾಲೆ ಕೊಡ್ತೇನಿ" ಅನ್ನುತ್ತಿದ್ದಳು. ದೇಶದ ದಾರಿಗಳೆಲ್ಲ ಅವಳ ತಲೆಯಲ್ಲೇ ಇವೆ, ಅವಳು ರಜೆ ಹಾಕಿದ ದಿನ ಹುಬ್ಬಳ್ಳಿಯಿಂದ ಮುಂಬೈಗೆ ಯಾರೂ ಮಾತಾಡುವುದಿಲ್ಲ ಎಂದು ಸಾಲಿಯ ಗೆಳತಿಯರಿಗೆಲ್ಲ ಸಾರಿಕೊಂಡು ಬಂದಿದ್ದೆ. ಅವರೂ ನಂಬಿದ್ದರು.

1986ರಲ್ಲಿ ಕಿತ್ತೂರಿಗೆ ಸಿ-ಡಾಟ್ ಸಂಸ್ಥೆಯ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಬಂತು. ಎರಡು ವರ್ಷದ ಹಿಂದಷ್ಟೇ ಹುಟ್ಟಿದ ಸಂಸ್ಥೆ ಅದು. ಹಳ್ಳಿಗಳಿಗೆಂದು ಮಾಡಿದ 128 ಪೋರ್ಟಿನ ಯಂತ್ರ ಮೊದಲು ಇಳಿದದ್ದು ನಮ್ಮ ಚೆನ್ನಮ್ಮನ ಊರಿನಲ್ಲಿ ಎಂಬ ಹೆಮ್ಮೆ ನನಗೆ ಈಗಲೂ ಇದೆ. ಎಸಿ ಇಲ್ಲದೆ, ನಮ್ಮ ಸೆಕೆಯಲ್ಲಿ, ನಮ್ಮ ಧೂಳಿನಲ್ಲಿ ಅದು ನಡೆಯುತ್ತಿತ್ತು. ಅಕ್ಕ ಅದರ ಸುದ್ದಿ ಕೇಳಿ ಅಲ್ಲಿನ ಎಂಜಿನಿಯರನ್ನು ಒಂದೇ ಪ್ರಶ್ನೆ ಕೇಳಿದಳು: "ಒಂದು ದಾರಿ ತುಂಬಿದರ ಇನ್ನೊಂದು ನೋಡತೈತೇನ್ರಿ?" ನೋಡುತ್ತದೆ, ಯಾವುದಾದ ಮೇಲೆ ಯಾವುದೆಂದು ಮೊದಲೇ ಬರೆದಿಟ್ಟಿರುತ್ತೇವೆ ಅಂದರು. "ಹಂಗಾದ್ರ ಸರಿ" ಎಂದು ಸುಮ್ಮನಾದಳು. ಕೆಲವೇ ವರ್ಷಗಳಲ್ಲಿ, ಆಪರೇಟರ್ ಇಲ್ಲದೆ ನೇರ ಡಯಲ್ ಮಾಡುವ ಎಸ್‌ಟಿಡಿ ಬೂತುಗಳ ಹಳದಿ ಬೋರ್ಡು ಬೀದಿಬೀದಿಗೆ ಬಂದು, ಕಾರ್ಡು ಬೋರ್ಡುಗಳು ಗುಜರಿ ಸೇರಿದವು.

ಆ ಹೊತ್ತಿಗೆ ನಾನು ಬೆಂಗಳೂರಿನ ಒಂದು ಸಂಸ್ಥೆಯ ಕಂಪ್ಯೂಟರ್ ಕೋಣೆಯಲ್ಲಿದ್ದೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುವ ಕಾಲ. 1986ರಲ್ಲಿ ಶುರುವಾದ ಅರ್ನೆಟ್ ಜಾಲ ಐಐಟಿಗಳನ್ನೂ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯನ್ನೂ ಮುಂಬೈನ ಎನ್‌ಸಿಎಸ್‌ಟಿ ಸಂಸ್ಥೆಯನ್ನೂ ಒಂದು ಮಾಡಿತ್ತು. ಇಮೇಲ್ ಹೋಗುತ್ತಿತ್ತು, ಆದರೆ ಈಗಿನ ಹಾಗಲ್ಲ. ದಾರಿಯನ್ನೂ ನಾವೇ ಬರೆಯಬೇಕಿತ್ತು. ಅಮೆರಿಕದಲ್ಲಿದ್ದ ತಮ್ಮನಿಗೆ ಏರೋಗ್ರಾಮಿನಲ್ಲಿ ನನ್ನ ವಿಳಾಸ ಕಳಿಸಿದ್ದು ನೆನಪಿದೆ: ಯುಯುನೆಟ್!ಶಕ್ತಿ!ವಿಜ್ಞಾನ್! ಅದರ ಮುಂದೆ ನಮ್ಮ ಯಂತ್ರದ ಹೆಸರು, ಕೊನೆಗೆ ನನ್ನ ಹೆಸರು. ಯುಯುನೆಟ್ ಅಮೆರಿಕದ ಯಂತ್ರ, ಶಕ್ತಿ ಮುಂಬೈನದು, ವಿಜ್ಞಾನ್ ಭಾರತೀಯ ವಿಜ್ಞಾನ ಸಂಸ್ಥೆಯದು. ಇಂಥವರ ಮೂಲಕ ಇಂಥವರಿಗೆ ಎಂದು ಒಂದೊಂದು ಊರಿಗೂ ಆಶ್ಚರ್ಯಚಿಹ್ನೆ ಹಾಕಿ ಪೋಣಿಸುವುದು. ನಡುವೆ ಒಂದು ಯಂತ್ರ ಮಲಗಿದರೆ ಪತ್ರ ಅಲ್ಲೇ ಕಾಯುತ್ತಿತ್ತು. ರಾತ್ರಿ ಹನ್ನೊಂದಾದ ಮೇಲೆ ಎಸ್‌ಟಿಡಿಗೆ ಕಾಲು ದರ. ಅಲ್ಲಿಯವರೆಗೆ ಪತ್ರಗಳನ್ನು ಕೂಡಿಹಾಕಿ, ಹನ್ನೊಂದು ಹೊಡೆದ ಕೂಡಲೇ ಮೋಡೆಮ್ ಕಿರಿಚಿಸುತ್ತಿದ್ದೆವು. ಒಳ್ಳೆಯ ದಾರಿ ಗೊತ್ತಿದ್ದವರಿಗೆ ಕ್ಯಾಂಟೀನಿನಲ್ಲಿ ಮರ್ಯಾದೆಯೇ ಬೇರೆ. ನಾನೂ ದಾರಿಗಳನ್ನು ಒಂದು ಅಂಕಲಿಪಿ ಪುಸ್ತಕದಷ್ಟು ಗಾತ್ರದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಬೀರುವಿನಲ್ಲಿ ಕೀಲಿ ಹಾಕಿ ಇಡುತ್ತಿದ್ದೆ.

ಆ ನೋಟ್‌ಬುಕ್ಕಿನ ಕೆಲಸ ಮುಗಿಯುವ ಏರ್ಪಾಡು ಅಷ್ಟರಲ್ಲೇ ನಡೆದಿತ್ತು. 1989ರ ಜನವರಿಯಲ್ಲಿ ಟೆಕ್ಸಾಸಿನ ಆಸ್ಟಿನ್‌ನಲ್ಲಿ ಇಂಟರ್ನೆಟ್ ಎಂಜಿನಿಯರುಗಳ ಸಭೆ. ಊಟದ ಹೊತ್ತಿಗೆ ಸಿಸ್ಕೋದ ಕರ್ಕ್ ಲಾಹೀಡ್, ಐಬಿಎಂನ ಯಾಕೋವ್ ರೆಕ್ಟರ್ ಕೂತು, ಕೈ ಒರೆಸುವ ಕಾಗದದ ಮೇಲೆ ಗೀಚಿದ್ದು ಬಿಜಿಪಿ ಎಂಬ ಪದ್ಧತಿ. ಪ್ರತಿ ಜಾಲವೂ ಪಕ್ಕದ ಜಾಲಕ್ಕೆ ಹೇಳುತ್ತದೆ: ಈ ವಿಳಾಸಗಳಿಗೆ ನನ್ನ ಮೂಲಕ ಹೋಗಬಹುದು, ನಡುವೆ ಇಂತಿಂಥ ಜಾಲಗಳಿವೆ. ಕೇಳಿದ್ದಕ್ಕೆ ತನ್ನ ಹೆಸರು ಸೇರಿಸಿ ಆ ಜಾಲ ಮುಂದಿನದಕ್ಕೆ ಹೇಳುತ್ತದೆ. ಬಂದ ಪಟ್ಟಿಯಲ್ಲಿ ತನ್ನ ಹೆಸರೇ ಇದ್ದರೆ ಅದು ಸುತ್ತು ದಾರಿ ಎಂದು ತಿಳಿದು ಬಿಟ್ಟುಬಿಡುತ್ತದೆ. ನಾನು ಆಶ್ಚರ್ಯಚಿಹ್ನೆ ಹಾಕಿ ಪೋಣಿಸುತ್ತಿದ್ದ ಅದೇ ಸರವನ್ನು ಈಗ ಯಂತ್ರಗಳೇ ಪೋಣಿಸಿಕೊಳ್ಳುತ್ತಿವೆ, ದಾರಿ ಮುರಿದರೆ ತಾವೇ ಬೇರೆ ಪೋಣಿಸುತ್ತವೆ. ಅದನ್ನು ಓದಿ ತಿಳಿದ ದಿನ ನನಗೆ ಬೇಜಾರಾಗಲಿಲ್ಲ. ಇದು ಹೀಗೇ ಆಗಬೇಕಿತ್ತು. ಲಕ್ಷಾಂತರ ಯಂತ್ರಗಳ ದಾರಿ ಯಾವ ನೋಟ್‌ಬುಕ್ಕಿಗೂ ಹಿಡಿಸುತ್ತಿರಲಿಲ್ಲ. ನೆರೆಯವರ ಮಾತು ನಂಬುವ ಪದ್ಧತಿಯಾದ್ದರಿಂದ ಅಪಾಯವೂ ಇದೆ: 2008ರ ಫೆಬ್ರವರಿಯಲ್ಲಿ ಪಾಕಿಸ್ತಾನದೊಳಗೆ ಯೂಟ್ಯೂಬ್ ತಡೆಯಲೆಂದು ಮಾಡಿದ ಸುಳ್ಳು ದಾರಿ ಹೊರಗೆ ಹರಡಿ, ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಸುಮಾರು ಎರಡು ಗಂಟೆ ನಿಂತಿತ್ತು.

ಸೈಬರ್ ಕೆಫೆಯಲ್ಲಿ ಗಂಟೆಗೆ 60 ರೂಪಾಯಿ ಕೊಟ್ಟ ತಲೆಮಾರಿನವರಿಗೆ ಇನ್ನೊಂದು ಸಂಗತಿ ಗೊತ್ತಿರಲಿಕ್ಕಿಲ್ಲ. ಜಯನಗರದಿಂದ ಮಲ್ಲೇಶ್ವರಕ್ಕೆ ಕಳಿಸಿದ ಇಮೇಲ್, ಇಬ್ಬರ ಇಂಟರ್ನೆಟ್ ಕಂಪನಿ ಬೇರೆಯಾದರೆ, ಎಷ್ಟೋ ಸಲ ಅಮೆರಿಕಕ್ಕೆ ಹೋಗಿ ಬರುತ್ತಿತ್ತು. ದಾರಿ ತೋರಿಸುವ ಟ್ರೇಸ್‌ರೂಟ್ ಓಡಿಸಿದರೆ ಪರದೆಯ ಮೇಲೆ ಸಾಲುಸಾಲಾಗಿ ಕಡಲಾಚೆಯ ಊರುಗಳು. ನಮ್ಮ ಕಂಪನಿಗಳು ಪರಸ್ಪರ ಕೈ ಕೂಡಿಸುವ ಜಾಗವೇ ದೇಶದಲ್ಲಿರಲಿಲ್ಲ. ಅದಕ್ಕಾಗಿ ನಿಕ್ಸಿ ಎಂಬ ಸಂಸ್ಥೆ ಹುಟ್ಟಿದ್ದು 2003ರಲ್ಲಿ. ಇಷ್ಟು ತಡವಾಯಿತಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ. ದಾರಿ ಹುಡುಕುವ ಯಂತ್ರ ಎಷ್ಟೇ ಜಾಣವಾಗಲಿ, ದಾರಿಯನ್ನು ಕಡಿಸುವವರು ಮನುಷ್ಯರೇ.

ಮುಂದೆ ದಾರಿಗಿಂತ ನೂಕುನುಗ್ಗಲೇ ದೊಡ್ಡ ಸಮಸ್ಯೆಯಾಯಿತು. ಎಲ್ಲರೂ ಒಂದೇ ಹೊತ್ತಿಗೆ ಒಂದೇ ವೆಬ್‌ಸೈಟಿನ ಬಾಗಿಲಿಗೆ ಬಂದರೆ? ಎಂಐಟಿಯ ಟಾಮ್ ಲೇಟನ್, ಡ್ಯಾನಿಯಲ್ ಲೆವಿನ್ ಮತ್ತು ಜೊತೆಗಾರರು 1997ರಲ್ಲಿ ಒಂದು ಹಂಚಿಕೆಯ ಲೆಕ್ಕ ಕಟ್ಟಿದರು. ಒಂದು ಯಂತ್ರ ಕೆಟ್ಟರೆ ಅದರ ಪಾಲು ಮಾತ್ರ ಉಳಿದವುಗಳಿಗೆ ಹೋಗಬೇಕು, ಮಿಕ್ಕವರ ಜಾಗ ಕದಲಬಾರದು. ಅದರ ಮೇಲೆ ಲೇಟನ್, ಲೆವಿನ್ ಕಟ್ಟಿದ ಕಂಪನಿ ಅಕಮಾಯ್. ಚಿತ್ರವಾಗಲಿ ವಿಡಿಯೊ ಆಗಲಿ, ಅದರ ಪ್ರತಿಯನ್ನು ನೋಡುವವರ ಹತ್ತಿರದ ಊರಿನಲ್ಲೇ ಇಡುವ ವ್ಯವಸ್ಥೆ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಗೋಪುರಕ್ಕೆ ಬಡಿದ ಮೊದಲ ವಿಮಾನದಲ್ಲಿ ಲೆವಿನ್ ತೀರಿಕೊಂಡರು. ವಯಸ್ಸು 31.

ಈಗ ನಮ್ಮ ಅಣ್ಣನ ಮಗ ಬೆಂಗಳೂರಿನಲ್ಲಿ, ಬಂದವರನ್ನು ಯಂತ್ರಗಳಿಗೆ ಹಂಚುವ ಇದೇ ಕೆಲಸದಲ್ಲಿದ್ದಾನೆ. ಹೋದ ಬೇಸಿಗೆಯಲ್ಲಿ ಮನೆಗೆ ಬಂದವನು ಊಟದ ನಡುವೆ ಲ್ಯಾಪ್‌ಟಾಪ್ ತೆಗೆದ. ಒಂದು ಸರ್ವರ್ ರಿಪೇರಿಗೆ ತೆಗೆಯಬೇಕಿತ್ತು. ಥಟ್ಟನೆ ಆರಿಸುವಂತಿಲ್ಲವಂತೆ, ಅದಕ್ಕೆ ಹೊಸಬರನ್ನು ಕಳಿಸುವುದು ನಿಲ್ಲಿಸಿ, ಒಳಗಿದ್ದವರು ಕೆಲಸ ಮುಗಿಸುವವರೆಗೆ ಕಾಯಬೇಕು. ಅಕ್ಕ ಕನ್ನಡಕ ಹಾಕಿಕೊಂಡು ಅವನ ಪಕ್ಕ ಕೂತು ಒಳಗಿದ್ದವರ ಅಂಕಿ ಇಳಿಯುವುದನ್ನು ನೋಡಿದಳು. ನಾಲ್ಕು ಸಾವಿರ, ಒಂಬೈನೂರು, ಅರವತ್ತು. ಕೊನೆಯ ಮೂರು ಬಹಳ ಹೊತ್ತು ಇಳಿಯಲೇ ಇಲ್ಲ. "ಕಟ್ ಮಾಡಬ್ಯಾಡೋ, ಮಾತು ಮುಗಸಲಿ" ಅಂದಳು. ಅವನು ಕಾದ, ಸೊನ್ನೆಯಾದ ಮೇಲೆ ಯಂತ್ರ ಆರಿಸಿ ಊಟಕ್ಕೆ ಕೂತ.