ಜೇವರ್ಗಿಯ ಮೌನ

ಅದು 2012ರ ಡಿಸೆಂಬರ್, ತೊಗರಿ ರಾಶಿಯ ಕಾಲ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ಅಂಗಡಿಯಿದ್ದ ಅಡತಿ ವ್ಯಾಪಾರಿಯೊಬ್ಬರಿಗೆ ತೂಕದ ಲೆಕ್ಕದ ಪ್ರೋಗ್ರಾಮು ಬರೆದುಕೊಟ್ಟಿದ್ದೆ. ಒಂದು ದಿನ ಜೇವರ್ಗಿ ಅಂಗಡಿಗೆ ಹೋದಾಗ ವಯಸ್ಸಾದ ರೈತರೊಬ್ಬರು ನನ್ನನ್ನು ತಡೆದರು.

‘ತಮ್ಮಾ, ನಾ ಇಪ್ಪತ್ತು ಚೀಲ ಹಾಕೀನಿ. ನಿನ್ನ ಪೆಟ್ಟಿಗ್ಯಾಗ ಹದಿನಾಲ್ಕೇ ಅದಾವ. ಉಳಿದದ್ದು ಇಲಿ ತಿಂದ್ವೇನು?’

‘ಇಲ್ಲ ಕಾಕಾ, ಹಂಗ ಆಗಂಗಿಲ್ಲ’ ಎಂದೆ. ನನಗೆ ಅಷ್ಟು ಧೈರ್ಯವಿತ್ತು. ಯಾಕೆಂದರೆ ನನ್ನ ಪ್ರೋಗ್ರಾಮು ದಿನಚರಿ ಬರೆಯುತ್ತಿತ್ತು.

ದೊಡ್ಡ ಪ್ರೋಗ್ರಾಮಿನ ಒಂದೊಂದು ಭಾಗವೂ ತಾನು ಮಾಡಿದ್ದನ್ನು ತನ್ನ ಹೆಸರಿನಲ್ಲಿ ಬರೆದಿಡುವ ವ್ಯವಸ್ಥೆಗೆ ‘ಟ್ರೇಸ್ ಸೋರ್ಸ್’ ಎನ್ನುತ್ತಾರೆ. ಡಾಟ್‌ನೆಟ್‌ನಲ್ಲಿ ಇದು 2005ರಿಂದ ಇದೆ. ಯಾವ ಹೆಸರಿನವರು ಎಷ್ಟು ಮಾತಾಡಬೇಕು ಎಂಬುದನ್ನು ಬೇರೊಂದು ಕಾನ್ಫಿಗ್ ಕಡತದಲ್ಲಿ ಬರೆಯಬೇಕು: ತಪ್ಪನ್ನಷ್ಟೇ ಹೇಳಬೇಕೋ, ಎಚ್ಚರಿಕೆಯನ್ನೂ ಹೇಳಬೇಕೋ, ಪ್ರತಿಯೊಂದನ್ನೂ ಒದರಬೇಕೋ. ಎಲ್ಲರಿಗೂ ಒದರಲು ಬಿಟ್ಟರೆ ಡಿಸ್ಕ್ ತುಂಬಿಹೋಗುತ್ತದೆ. ಅದಕ್ಕೆಂದೇ ಮೂರು ಊರುಗಳ ಹೆಸರಿನಲ್ಲಿ ಮೂರು ಸೋರ್ಸ್ ಮಾಡಿ, ಮೂರನ್ನೂ ‘ಎಚ್ಚರಿಕೆ’ಯ ಮಟ್ಟದಲ್ಲಿ ಇಟ್ಟಿದ್ದೆ.

ಆಳಂದದ್ದು, ಅಫಜಲಪುರದ್ದು ಆಗೊಂದು ಈಗೊಂದು ಸಾಲು ಬರೆದಿದ್ದವು. ಜೇವರ್ಗಿಯ ದಿನಚರಿಯೇ ಹುಟ್ಟಿರಲಿಲ್ಲ. ದೂರಿಲ್ಲವೆಂದರೆ ದೋಷವಿಲ್ಲ ಎಂದುಕೊಂಡಿದ್ದೆ, ಮೂರ್ಖ!

ಆ ರಾತ್ರಿ ಕಡತ ತೆರೆದೆ. ಪ್ರೋಗ್ರಾಮಿನಲ್ಲಿ ಜೇವರ್ಗಿಯನ್ನು ಇಂಗ್ಲಿಷಿನ ‘ಡಬ್ಲ್ಯೂ’ ಹಾಕಿ ಬರೆದಿದ್ದೆ, ಕಾನ್ಫಿಗ್‌ನಲ್ಲಿ ‘ವಿ’ ಹಾಕಿದ್ದೆ. ನಮ್ಮಲ್ಲಿ ಎರಡೂ ರೂಢಿ. ಕಂಪ್ಯೂಟರಿಗೆ ಮಾತ್ರ ಅವು ಎರಡು ಬೇರೆ ಹೆಸರು. ಹೆಸರು ಹೊಂದದಿದ್ದರೆ ಅದು ಜಗಳವನ್ನೂ ಮಾಡುವುದಿಲ್ಲ. ಆ ಸೋರ್ಸ್ ಸುಮ್ಮನೆ ‘ಆಫ್’ ಆಗಿ ಕೂತುಬಿಡುತ್ತದೆ.

ಒಂದಕ್ಷರ ತಿದ್ದಿದೆ. ಮರುದಿನ ಮಧ್ಯಾಹ್ನ ಕರೆಂಟು ಹೋಗಿ ಬಂತು, ದಿನಚರಿಯ ಮೊದಲ ಸಾಲೂ ಬಂತು: ಈ ಸಂಖ್ಯೆಯ ಚೀಟಿ ಈಗಾಗಲೇ ಇದೆ. ಆ ಅಂಗಡಿಯಲ್ಲಿ ಯುಪಿಎಸ್ ಇರಲಿಲ್ಲ. ಯಂತ್ರ ಮತ್ತೆ ಶುರುವಾದಾಗ ಚೀಟಿಯ ಸಂಖ್ಯೆ ಹಿಂದಕ್ಕೆ ಹೋಗಿ, ಹಳೆಯ ತೂಕದ ಮೇಲೆ ಹೊಸದು ಕೂರುತ್ತಿತ್ತು. ಎಚ್ಚರಿಕೆ ಬರೆದು ಮುಂದೆ ಹೋಗು ಎಂದು ಅದಕ್ಕೆ ಹೇಳಿಕೊಟ್ಟವನೂ ನಾನೇ.

ಕಳೆದ ಆರು ಚೀಲ ಸಿಕ್ಕಿದ್ದು ಕಂಪ್ಯೂಟರಿನಲ್ಲಲ್ಲ, ತೂಕ ಮಾಡುವ ಹುಡುಗ ಪೆನ್ಸಿಲಿನಲ್ಲಿ ಬರೆದಿಟ್ಟ ವಹಿಯಲ್ಲಿ. ಕಾಕಾನಿಗೆ ಹಣ ಮುಟ್ಟಿತು. ನಾನು ಕ್ಷಮೆ ಕೇಳಿದೆ. ‘ಇರಲಿ ಬಿಡಪ್ಪಾ, ಇಲಿ ಸಿಕ್ತಲ್ಲ’ ಎಂದರು.

2014ರ ನವೆಂಬರ್ 1ರಂದು ಗುಲಬರ್ಗಾ ಕಲಬುರಗಿಯಾಯಿತು. ನನ್ನ ಪ್ರೋಗ್ರಾಮಿನಲ್ಲಿ ಮುಖ್ಯ ಕಚೇರಿಯ ಸೋರ್ಸ್‌ಗೆ ಹಳೆಯ ಹೆಸರೇ ಇತ್ತು. ಎರಡೂ ಕಡತಗಳನ್ನು ಅಕ್ಕಪಕ್ಕ ತೆರೆದಿಟ್ಟು, ಒಂದೊಂದೇ ಅಕ್ಷರ ಗಟ್ಟಿಯಾಗಿ ಓದುತ್ತ ತಿದ್ದಿದೆ.